ಹೂವಿನ ಬುಟ್ಟಿ ಪಕ್ಕದ ಕ್ಯೂಆರ್ ಸ್ಟಿಕ್ಕರ್ ಎಲ್ಲಿ ಹೋಯ್ತು? ಗಾಂಧಿ ಬಜಾರಿನಲ್ಲಿ ಒಂದು ಲೆಕ್ಕದ ಸುತ್ತು

  ಇವತ್ತು ಷೇರುಪೇಟೆ ಮಾತಿಲ್ಲ, ದೊಡ್ಡ ಕಂಪನಿಗಳ ಮಾತೂ ಇಲ್ಲ. ಹೂವು, ಕಾಫಿ, ಖಾರಾ ಬನ್ನು, ಇಷ್ಟೇ ನಮ್ಮ ವಿಷಯ. ಆದರೆ ಈ ಮೂರರ ಹಿಂದೆಯೂ ಒಂದೊಂದು ಲೆಕ್ಕ ಇದೆ. ಆ ಲೆಕ್ಕವನ್ನ ಯಾರೂ ಬಿಡಿಸಿ ಹೇಳದೇ ಇದ್ದಿದ್ದಕ್ಕೆ 2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳು ಹೆದರಿಬಿಟ್ಟವು. ಆ ಹೆದರಿಕೆ ಯಾಕೆ ಬಂತು, ಅದರಲ್ಲಿ ಎಷ್ಟು ನಿಜ, ಎಷ್ಟು ಗಾಳಿಸುದ್ದಿ ಅನ್ನೋದನ್ನ ನನಗೆ ಚೆನ್ನಾಗಿ ಗೊತ್ತಿರೋ ಒಂದು ಬೀದಿ ಇಟ್ಟುಕೊಂಡು ಹೇಳ್ತೀನಿ.

ಆಗಸ್ಟ್ 7, ಗುರುವಾರ. ಮರುದಿನ ವರಮಹಾಲಕ್ಷ್ಮಿ ಹಬ್ಬ. ಬಸವನಗುಡಿ ಕಡೆಯವರಿಗೆ ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು, ಸೇವಂತಿಗೆ ಮಾರು, ನಡುವೆ ಸ್ಕೂಟರ್ ನುಗ್ಗಿಸೋರು, ಅವರನ್ನ ಬೈಯೋರು. ನಾನು ವರ್ಷಾನುಗಟ್ಟಲೆಯಿಂದ ಒಬ್ಬರೇ ಅಮ್ಮನ ಹತ್ರ ಹೂವು ತಗೊಳ್ಳೋದು. ಫುಟ್‌ಪಾತ್ ಮೇಲೆ ಎರಡು ಬುಟ್ಟಿ, ಒಂದು ಮರದ ಪೆಟ್ಟಿಗೆ, ಅದರ ಮೇಲೆ ಒದ್ದೆ ಗೋಣಿಚೀಲ. ಮೊಳ ಹಾಕುವಾಗ ಮೊಣಕೈ ದಾಟಿಸಿ ನಾಲ್ಕು ಬೆರಳು ಹೆಚ್ಚಿಗೇ ಹಾಕ್ತಾರೆ, ಅದಕ್ಕೇ ಅವರ ಹತ್ರ ಹೋಗೋದು ಅಂತಾನೂ ಇಟ್ಕೊಳ್ಳಿ.

ಮಲ್ಲಿಗೆ, ಕನಕಾಂಬರ, ಎರಡು ಮಾರು ಸೇವಂತಿಗೆ ಕಟ್ಟಿಸಿಕೊಂಡು ಫೋನ್ ತೆಗೆದೆ. ಪೆಟ್ಟಿಗೆಗೆ ಅಂಟಿಸಿದ್ದ ಕ್ಯೂಆರ್ ಸ್ಟಿಕ್ಕರ್ ಇಲ್ಲ. ಹರಿದು ತೆಗೆದ ಗುರುತು ಮಾತ್ರ ಇದೆ.

"ಕ್ಯಾಶ್ ಇದ್ರೆ ಕೊಡಮ್ಮ. ಈಗ ಫೋನ್‌ದೆಲ್ಲ ಬ್ಯಾಡ ಅಂದವ್ನೆ ನಮ್ಮ ಹುಡುಗ. ಟ್ಯಾಕ್ಸ್ ಹಾಕ್ತಾರಂತೆ, ಲಕ್ಷಗಟ್ಲೆ" ಅಂದ್ರು.

ನನ್ನ ಹತ್ರ ಅಷ್ಟು ಕ್ಯಾಶ್ ಇರಲಿಲ್ಲ. ಎಟಿಎಂ ಹುಡುಕಿಕೊಂಡು ಹೋದೆ, ಅಲ್ಲಿ ಹನುಮಂತನ ಬಾಲದಂಥ ಕ್ಯೂ. ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದಾಗ ನಂಗೆ ಎತ್ತಿಟ್ಟಿದ್ದ ಹೂವು ಹಾಗೇ ಇತ್ತು, ಆದರೆ ಆ ಮುಕ್ಕಾಲು ಗಂಟೆಯಲ್ಲಿ ನನ್ನ ಹಾಗೇ ಫೋನ್ ತೆಗೆದು ಮುಂದಕ್ಕೆ ಹೋದವರು ಎಷ್ಟು ಜನವೋ. ವರ್ಷದಲ್ಲಿ ಒಳ್ಳೇ ವ್ಯಾಪಾರ ಆಗೋದೇ ನಾಲ್ಕೈದು ದಿನ. ಅದರಲ್ಲಿ ಒಂದು ದಿನ ಹೀಗೆ ಹೋಯ್ತು.

ಇಲ್ಲಿಂದ ನನ್ನ ಪ್ರಶ್ನೆ ಶುರುವಾಯ್ತು. ಈ ಅಮ್ಮನಿಗೆ ನಿಜವಾಗ್ಲೂ ತೆರಿಗೆ ಬೀಳುತ್ತಾ?

ಜುಲೈನಲ್ಲಿ ಆಗಿದ್ದೇನು?

ಮೊದಲು ಹಿನ್ನೆಲೆ. ಗಾಂಧಿ ಬಜಾರ್ ಬಸವನಗುಡಿಯ ಹೃದಯ ಅಂತಾರಲ್ಲ, ಅದು ಸುಮ್ಮನೆ ಹೇಳೋ ಮಾತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ ಬೆಳೆಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಊರಾಚೆಯ ಬಡಾವಣೆಗೆ ತನ್ನದೇ ಒಂದು ಪೇಟೆ ಬೇಕಾಯ್ತು. ಇಲ್ಲಿ ಗಾಂಧಿ ಬಜಾರ್, ಅಲ್ಲಿ ಸಂಪಿಗೆ ರಸ್ತೆ ಮತ್ತು 8ನೇ ಕ್ರಾಸ್. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮುಂದೆ ಇವತ್ತಿಗೂ ಭಾನುವಾರ ಬೆಳಿಗ್ಗೆ ದೋಸೆಗೆ ಕಾಯ್ತಾ ನಿಂತಿರ್ತಾರೆ. ಕಾಯೋರು ಸುಮ್ಮನೆ ನಿಲ್ಲಲ್ಲ. ಪಕ್ಕದಲ್ಲಿ ಹೂವು ತಗೊಳ್ತಾರೆ, ಹಣ್ಣು ತಗೊಳ್ತಾರೆ, ಹೋಗ್ತಾ ಕಾಫಿಪುಡಿ, ಕುರುಕಲು ಕಟ್ಟಿಸ್ಕೊಳ್ತಾರೆ. ಅಂಗಡಿಗೆ ಬಂದೋರು ಫುಟ್‌ಪಾತ್‌ಗೂ ಗಿರಾಕಿ, ಫುಟ್‌ಪಾತ್‌ಗೆ ಬಂದೋರು ಅಂಗಡಿಗೂ ಗಿರಾಕಿ. ಬೀದಿ ನಡೆಯೋದು ಹೀಗೆ.

ಇಂಥ ಬೀದಿಗೆ ಯುಪಿಐ ಬಂದಿದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ಕ್ಕೆ ನೋಟು ರದ್ದಾಯ್ತು, ಆಮೇಲೆ ಕೋವಿಡ್ ಬಂತು, ನೋಟು ಮುಟ್ಟೋಕೆ ಜನ ಹೆದರಿದರು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತಗೊಳ್ಳೋ ಹಾಗಿಲ್ಲ ಅಂತ ಸರ್ಕಾರವೇ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಸಾಲ ಬಂತು. ಮೊದಲು 10 ಸಾವಿರ, ಅದು ತೀರಿಸಿದರೆ 20 ಸಾವಿರ, ಅದೂ ತೀರಿಸಿದರೆ 50 ಸಾವಿರ. ಅದರಲ್ಲೊಂದು ಅಂಶ ಗಮನಿಸಿ: ಡಿಜಿಟಲ್‌ನಲ್ಲಿ ದುಡ್ಡು ತಗೊಂಡ್ರೆ ವ್ಯಾಪಾರಿಗೆ ಕ್ಯಾಶ್‌ಬ್ಯಾಕ್. ಅಂದ್ರೆ ಸ್ಟಿಕ್ಕರ್ ಅಂಟಿಸ್ಕೊಳ್ಳಿ ಅಂತ ಹುರಿದುಂಬಿಸಿದ್ದು ಸರ್ಕಾರವೇ.

2025ರ ಜುಲೈಗೆ ಬನ್ನಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಮಾಹಿತಿ ತರಿಸಿಕೊಂಡು, 2021-22ರಿಂದ 2024-25ರವರೆಗೆ ಯಾರ ಖಾತೆಗೆ ಮಿತಿ ಮೀರಿ ದುಡ್ಡು ಬಂದಿದೆಯೋ ಅಂಥ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದ ಸುದ್ದಿ ಟಿವಿಯಲ್ಲೆಲ್ಲ ಬಂತು. ಅಷ್ಟು ಸಾಕಾಯ್ತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ ಎಲ್ಲ ಕಡೆ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು. ಜುಲೈ 25ಕ್ಕೆ ಬಂದ್ ಕರೆಯೂ ಆಯ್ತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸ್ಕೊಳ್ಳಬೇಕು ಅಂದ ಮೇಲೆ ಗಲಾಟೆ ತಣ್ಣಗಾಯ್ತು.

ಗಲಾಟೆ ಏನೋ ತಣ್ಣಗಾಯ್ತು. ಎರಡು ವಾರ ಕಳೆದ ಮೇಲೂ ನಮ್ಮ ಹೂವಿನಮ್ಮನ ಸ್ಟಿಕ್ಕರ್ ಮಾತ್ರ ವಾಪಸ್ ಬಂದಿರಲಿಲ್ಲ. ಅವರಿಗೇನು ನೋಟಿಸ್ ಬಂದಿತ್ತಾ? ಇಲ್ಲ. ಅವರ ಅಕ್ಕಪಕ್ಕದವರಿಗೆ? ಅದೂ ಇಲ್ಲ. "ಆ ಕಡೆ ರೋಡಲ್ಲಿ ಯಾರಿಗೋ ಬಂದೈತಂತೆ" ಅನ್ನೋ ಮಾತು ಮಾತ್ರ ಬಂದಿತ್ತು.

ಮೊದಲ ಲೆಕ್ಕ: ಹೂವು

ಜಿಎಸ್‌ಟಿ ನೋಂದಣಿ ಯಾರು ಮಾಡಿಸಬೇಕು? ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ. ಸೇವೆ ಕೊಡೋರಿಗೆ, ಅಂದ್ರೆ ಟೈಲರ್, ಸಲೂನ್, ಹೋಟೆಲ್ ಇಂಥವರಿಗೆ, 20 ಲಕ್ಷ ದಾಟಿದರೆ. ಯುಪಿಐಗೆ ಅಂತ ಪ್ರತ್ಯೇಕ ತೆರಿಗೆ ಇಲ್ಲವೇ ಇಲ್ಲ. ಹಾಗೇನೇ, ಕ್ಯಾಶ್ ತಗೊಂಡ್ರೆ ತೆರಿಗೆ ಇಲ್ಲ ಅನ್ನೋದೂ ಸುಳ್ಳು. ಕಾನೂನು ನೋಡೋದು ಎಷ್ಟು ಮಾರಿದ್ರಿ ಅಂತ. ನೋಟಲ್ಲಿ ತಗೊಂಡ್ರೋ ಫೋನಲ್ಲಿ ತಗೊಂಡ್ರೋ ಅಂತ ಅಲ್ಲ. ಯುಪಿಐನಲ್ಲಿ ಗುರುತು ಉಳಿಯುತ್ತೆ, ಅಷ್ಟೇ ವ್ಯತ್ಯಾಸ.

ಈಗ ಹೂವಿನಮ್ಮನ ಲೆಕ್ಕ ಹಾಕೋಣ. ದಿನಕ್ಕೆ 3 ಸಾವಿರ ರೂಪಾಯಿ ವ್ಯಾಪಾರ ಅಂತ ಇಟ್ಕೊಳ್ಳಿ. ಒಂದು ದಿನವೂ ರಜೆ ಇಲ್ಲದೆ 365 ದಿನ ಕೂತರೆ 10 ಲಕ್ಷ 95 ಸಾವಿರ. 40 ಲಕ್ಷದ ಹತ್ತಿರವೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಡಿ ಹೂವಿಗೆ ಜಿಎಸ್‌ಟಿ ವಿನಾಯಿತಿ ಇದೆ. ವಿನಾಯಿತಿ ಇರೋ ವಸ್ತುಗಳನ್ನ ಮಾತ್ರ ಮಾರೋರು ಕೋಟಿ ವ್ಯಾಪಾರ ಮಾಡಿದ್ರೂ ನೋಂದಣಿ ಬೇಕಿಲ್ಲ ಅಂತ ಕಾನೂನೇ ಹೇಳುತ್ತೆ. ತಾಜಾ ತರಕಾರಿ, ತಾಜಾ ಹಣ್ಣು, ಹಾಲು, ವೀಳ್ಯದೆಲೆ, ತೆಂಗಿನಕಾಯಿ, ಬ್ರೆಡ್, ಕುಂಕುಮ, ಗಾಜಿನ ಬಳೆ ಎಲ್ಲ ಈ ಪಟ್ಟಿಯಲ್ಲಿವೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಕೂತಿರೋ ಮುಕ್ಕಾಲು ಪಾಲು ಸಾಮಾನು ಇದೇ ಅಲ್ವಾ?

ಅಂದ್ರೆ ಆ ಅಮ್ಮ ಹೆದರಬೇಕಾದ ಕಾರಣವೇ ಇರಲಿಲ್ಲ. ಒಂದಲ್ಲ, ಎರಡು ಕಾರಣಕ್ಕೆ ಅವರು ಕ್ಷೇಮ.

ಆದರೆ ಮಾತಾಡ್ತಾ ಮಾತಾಡ್ತಾ ಇನ್ನೆರಡು ವಿಷಯ ಗೊತ್ತಾಯ್ತು. ಒಂದು, ಅವರ ಪೆಟ್ಟಿಗೆಯಲ್ಲಿ ಹೂವಿನ ಜೊತೆ ಊದುಬತ್ತಿ ಪೊಟ್ಟಣಗಳೂ ಇವೆ. ಊದುಬತ್ತಿಗೆ ಶೇ 5 ಜಿಎಸ್‌ಟಿ ಇದೆ. ತೆರಿಗೆ ಇರೋ ವಸ್ತು ಒಂದಾದರೂ ಸೇರಿಕೊಂಡರೆ "ವಿನಾಯಿತಿ ವಸ್ತು ಮಾತ್ರ" ಅನ್ನೋ ರಕ್ಷಣೆ ಹೋಗುತ್ತೆ. ಆಗ ಮಿತಿ ದಾಟಿದಾರಾ ಇಲ್ವಾ ಅಂತ ನೋಡೋಕೆ ಹೂವಿನ ವ್ಯಾಪಾರವನ್ನೂ ಕೂಡಿಸ್ತಾರೆ. ಕಾನೂನಿನಲ್ಲಿ ಇದಕ್ಕೆ ಒಟ್ಟು ವಹಿವಾಟು ಅಂತ ಹೆಸರು. ತೆರಿಗೆ ಇರೋದು, ಇಲ್ಲದ್ದು, ಎರಡೂ ಸೇರಿ. ತೆರಿಗೆ ಬೀಳೋದು ಊದುಬತ್ತಿಗೆ ಮಾತ್ರ, ಆದರೆ ಮಿತಿಯ ಲೆಕ್ಕಕ್ಕೆ ಎಲ್ಲವೂ ಬರುತ್ತೆ. ಈ ಅಮ್ಮನದು ಎಲ್ಲ ಸೇರಿದ್ರೂ 11 ಲಕ್ಷದ ಆಸುಪಾಸು, ಹಾಗಾಗಿ ತೊಂದರೆ ಇಲ್ಲ. ಆದರೆ ದೊಡ್ಡ ಹೂವಿನ ಅಂಗಡಿಯವರು, ಹಣ್ಣಿನ ಜೊತೆ ಜ್ಯೂಸ್ ಪ್ಯಾಕೆಟ್ ಇಡೋರು ಇದನ್ನ ತಿಳ್ಕೊಂಡಿರಬೇಕು.

ಎರಡನೇದು ಇನ್ನೂ ಸೂಕ್ಷ್ಮ. ಹರಿದುಹಾಕಿದ ಆ ಸ್ಟಿಕ್ಕರ್ ಅಮ್ಮನ ಹೆಸರಿನದ್ದೇ ಅಲ್ಲ. ಮಗನ ಫೋನಿಗೆ ಜೋಡಿಸಿದ್ದು. ಮಗ ಆಟೊ ಓಡಿಸ್ತಾನೆ, ಅವನ ಬಾಡಿಗೆ ದುಡ್ಡೂ ಅದೇ ಖಾತೆಗೆ ಬೀಳುತ್ತೆ. ಚೀಟಿ ದುಡ್ಡು, ಭಾವಮೈದುನ ಕೊಟ್ಟ ಕೈಸಾಲ, "ಅಣ್ಣಾ, ಐನೂರು ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅಂದೋರ ದುಡ್ಡು, ಎಲ್ಲ ಒಂದೇ ಕಡೆ. ಜಿಎಸ್‌ಟಿ ವಹಿವಾಟನ್ನ ಎಣಿಸೋದು ಪ್ಯಾನ್ ಲೆಕ್ಕದಲ್ಲಿ. ಯಾರ ಪ್ಯಾನ್‌ಗೆ ಖಾತೆ ಜೋಡಣೆ ಆಗಿದೆಯೋ ಅವರದ್ದೇ ವ್ಯಾಪಾರ ಅನ್ನೋ ಹಾಗೆ ಕಾಣುತ್ತೆ. ಖಾತೆಗೆ ಬಂದದ್ದೆಲ್ಲ ವ್ಯಾಪಾರ ಅಲ್ಲ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ನಾವೇ ತೋರಿಸಬೇಕು.

ಎರಡನೇ ಲೆಕ್ಕ: ಕಾಫಿ

ಹೂವು ತಗೊಂಡು ನಾನು ಸಾಮಾನ್ಯವಾಗಿ ಹೋಗೋದು ತಿರುವಿನಲ್ಲಿರೋ ಕಾಫಿ ಅಂಗಡಿಗೆ. ಹತ್ತಡಿ ಜಾಗ, ಒಂದು ಕಲ್ಲಿನ ಕಟ್ಟೆ, ಹಿತ್ತಾಳೆ ಫಿಲ್ಟರ್. ಕೂರೋಕೆ ಜಾಗ ಇಲ್ಲ, ನಿಂತೇ ಕುಡಿಯಬೇಕು. ಅಲ್ಲೂ ಜುಲೈನಲ್ಲಿ ಬೋರ್ಡು ನೇತಾಡ್ತಿತ್ತು.

ಜನಕ್ಕೆ ಅನ್ನಿಸೋದು ಏನು? "ಒಂದು ಸಣ್ಣ ಕಾಫಿ ಅಂಗಡಿ, ಅವನಿಗೆಲ್ಲಿಂದ 20 ಲಕ್ಷ ಬರುತ್ತೆ" ಅಂತ. ಲೆಕ್ಕ ನೋಡಿ. ತಿಂಡಿ, ಕಾಫಿ ಮಾಡಿ ಬಡಿಸೋದನ್ನ ಜಿಎಸ್‌ಟಿ ಸೇವೆ ಅಂತ ಪರಿಗಣಿಸುತ್ತೆ, ಹಾಗಾಗಿ ಮಿತಿ 20 ಲಕ್ಷ. ಕಾಫಿ 15 ರೂಪಾಯಿ ಅಂತ ಇಟ್ಕೊಳ್ಳಿ. ದಿನಕ್ಕೆ 365 ಲೋಟ, ವರ್ಷಕ್ಕೆ 365 ದಿನ. ಗುಣಿಸಿ ನೋಡಿ: 19,98,375 ರೂಪಾಯಿ. ಹೆಚ್ಚುಕಮ್ಮಿ 20 ಲಕ್ಷ!

ದಿನಕ್ಕೆ 365 ಲೋಟ ಅಂದ್ರೆ ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಗಂಟೆಗೆ 26. ಬೆಳಿಗ್ಗೆ ವಾಕಿಂಗ್ ಮುಗಿಸಿ ಬರೋರು, ಬ್ಯಾಂಕಿನವರು, ಕಾಲೇಜು ಹುಡುಗರು ಸೇರಿದ್ರೆ ಗಾಂಧಿ ಬಜಾರಿನಂಥ ಕಡೆ ಇದು ದೊಡ್ಡ ಸಂಖ್ಯೆ ಏನಲ್ಲ. ಅಂದ್ರೆ ಸಾಧಾರಣ ಚೆನ್ನಾಗಿ ನಡೆಯೋ ಯಾವ ಕಾಫಿ ಅಂಗಡಿಯಾದ್ರೂ ಗೊತ್ತಿಲ್ಲದೇ ಈ ಗೆರೆ ದಾಟಿರುತ್ತೆ. ಶ್ರೀಮಂತ ಆಗಿಬಿಟ್ಟ ಅಂತಲ್ಲ. ಆ ಹದಿನೈದು ರೂಪಾಯಿಯಲ್ಲಿ ಹಾಲು, ಪುಡಿ, ಸಕ್ಕರೆ, ಗ್ಯಾಸು, ಬಾಡಿಗೆ, ಲೋಟ ತೊಳೆಯೋ ಹುಡುಗನ ಸಂಬಳ ಎಲ್ಲ ಇದೆ. ಆದರೆ ಖಾತೆಗೆ ಬರೋದು ಪೂರ್ತಿ ಹದಿನೈದು.

ಗೆರೆ ದಾಟಿದ ಮೇಲೆ ಎಷ್ಟು ತೆರಿಗೆ? ಇಂಥ ಅಂಗಡಿಗೆ ಶೇ 5. 15 ರೂಪಾಯಿ ಕಾಫಿಗೆ 75 ಪೈಸೆ. ಕೇಳೋಕೆ ಸಣ್ಣದು. ವರ್ಷಕ್ಕೆ 25 ಲಕ್ಷ ವ್ಯಾಪಾರ ಆದ್ರೆ 1 ಲಕ್ಷ 25 ಸಾವಿರ, ದಿನಕ್ಕೆ ಸುಮಾರು 342 ರೂಪಾಯಿ. ಮೊದಲೇ ಗೊತ್ತಿದ್ದರೆ ಕಾಫಿಗೆ ಒಂದು ರೂಪಾಯಿ ಏರಿಸಿ ಹೊಂದಿಸಿಕೊಳ್ಳಬಹುದು. ಆದರೆ ನಾಲ್ಕು ವರ್ಷ ಬಿಟ್ಟು ಒಟ್ಟಿಗೆ ಕೇಳಿದ್ರೆ? ನಾಲ್ಕು ವರ್ಷದ ಹಿಂದೆ ಕಾಫಿ ಕುಡಿದು ಹೋದೋರನ್ನ ಹುಡುಕಿ 75 ಪೈಸೆ ಕೇಳೋಕಾಗುತ್ತಾ? ಕೈಯಿಂದ ಕಟ್ಟಬೇಕು. ಸಂಕಟ ಇರೋದು ಇಲ್ಲಿ.

ಮೂರನೇ ಲೆಕ್ಕ: ಖಾರಾ ಬನ್ನು

ಮೂರನೇದು ಬೇಕರಿ. ಇಡೀ ಕತೆ ಇರೋದೇ ಇದರಲ್ಲಿ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಮ್ಮ ಬೇಕರಿಯವರು ಹಾಸನದ ಕಡೆಯವರು, ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳವರ ಹಾಗೆ. ಬ್ರೆಡ್ಡು, ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಕಾಂಗ್ರೆಸ್ ಕಡ್ಲೆಕಾಯಿ ಬೀಜ, ಜೊತೆಗೆ ಬೆಳಿಗ್ಗೆ ಹಾಲಿನ ಪ್ಯಾಕೆಟ್. ಇವರಿಗೂ ನೋಟಿಸ್ ಬಂದಿರಲಿಲ್ಲ. ಆದರೆ ಬಂದಿದ್ರೆ ಏನಾಗ್ತಿತ್ತು ಅಂತ ಒಂದು ಕಾಲ್ಪನಿಕ ಲೆಕ್ಕ ಮಾಡೋಣ.

ವರ್ಷಕ್ಕೆ 50 ಲಕ್ಷ ವ್ಯಾಪಾರ ಅಂತ ಇಟ್ಕೊಳ್ಳಿ. ಅದರಲ್ಲಿ 20 ಲಕ್ಷ ಹಾಲು ಮತ್ತು ಬ್ರೆಡ್. ಎರಡಕ್ಕೂ ತೆರಿಗೆ ಇಲ್ಲ. ಉಳಿದ 30 ಲಕ್ಷ ಕೇಕು, ಬಿಸ್ಕತ್ತು. 2025ರ ಸೆಪ್ಟೆಂಬರ್ 22ರವರೆಗೆ ಕೇಕಿಗೂ ಬಿಸ್ಕತ್ತಿಗೂ ಶೇ 18 ಇತ್ತು. 30 ಲಕ್ಷಕ್ಕೆ ಶೇ 18 ಅಂದ್ರೆ 5 ಲಕ್ಷ 40 ಸಾವಿರ. ನಾಲ್ಕು ವರ್ಷಕ್ಕೆ 21 ಲಕ್ಷ 60 ಸಾವಿರ. ಇದರ ಮೇಲೆ ಬಡ್ಡಿ, ದಂಡ ಬೇರೆ. ನೋಂದಣಿ ಇಲ್ಲದೇ ಇದ್ದಿದ್ದರಿಂದ ಬೆಣ್ಣೆ, ಡಬ್ಬಿ, ಯಂತ್ರ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನ ಇದರಲ್ಲಿ ಕಳೆಯೋಕೂ ಆಗಲ್ಲ.

ಈಗ ಇವರ ಲಾಭ ಎಷ್ಟಿರಬಹುದು? ನಾನು ಊಹೆ ಮಾಡಲ್ಲ, ಸರ್ಕಾರದ್ದೇ ಇನ್ನೊಂದು ಕಾನೂನನ್ನ ಕೇಳೋಣ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಪದ್ಧತಿ ಅಂತ ಒಂದಿದೆ. ಪುಸ್ತಕ ಬರೆಯೋಕಾಗದವರು ವ್ಯಾಪಾರದ ಇಷ್ಟು ಭಾಗ ನನ್ನ ಲಾಭ ಅಂತ ತೋರಿಸಬಹುದು. ಕ್ಯಾಶ್ ವ್ಯಾಪಾರಕ್ಕೆ ಕನಿಷ್ಠ ಶೇ 8, ಡಿಜಿಟಲ್ ವ್ಯಾಪಾರಕ್ಕೆ ಕನಿಷ್ಠ ಶೇ 6. ಅಂದ್ರೆ ಫೋನಲ್ಲಿ 100 ರೂಪಾಯಿ ಬಂದ್ರೆ ಅದರಲ್ಲಿ 6 ರೂಪಾಯಿ ಲಾಭ ಅಂತ ತೋರಿಸಿದ್ರೂ ಸರಿ ಅಂತ ಕಾನೂನು ಒಪ್ಪುತ್ತೆ. ಆ ಲೆಕ್ಕದಲ್ಲಿ 50 ಲಕ್ಷಕ್ಕೆ ಲಾಭ 3 ಲಕ್ಷ.

ಲಾಭ 3 ಲಕ್ಷ, ತೆರಿಗೆ 5 ಲಕ್ಷ 40 ಸಾವಿರ. ಇದನ್ನ ಯಾರು ಕಟ್ಟೋಕಾಗುತ್ತೆ?

ಹಾಗಂತ "ಜಿಎಸ್‌ಟಿನೇ ಸಣ್ಣ ಅಂಗಡಿಗೆ ಆಗಿಬರಲ್ಲ" ಅಂತ ತೀರ್ಮಾನ ಮಾಡಬೇಡಿ. ಇದೇ ಕಾನೂನಿನೊಳಗೆ ಇಂಥ ಬೇಕರಿಗೆ ಅಂತಾನೇ ಇನ್ನೊಂದು ಬಾಗಿಲಿದೆ. ಕಾಂಪೊಸಿಷನ್ ಸ್ಕೀಮ್ ಅಂತಾರೆ, ಕನ್ನಡದಲ್ಲಿ ರಾಜಿ ತೆರಿಗೆ ಪದ್ಧತಿ. ಒಂದೂವರೆ ಕೋಟಿವರೆಗೆ ವಹಿವಾಟು ಇರೋರು ಇದಕ್ಕೆ ಸೇರಬಹುದು. ಸರಕು ಮಾರೋರಿಗೂ ತಯಾರಿಸೋರಿಗೂ ಶೇ 1, ಹೋಟೆಲ್‌ನವರಿಗೆ ಶೇ 5. ಮೂರು ತಿಂಗಳಿಗೊಮ್ಮೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್.

ನಮ್ಮ ಬೇಕರಿಯವರು ತಾವೇ ಸುಟ್ಟು ಮಾರೋರು, ಹಾಗಾಗಿ ಇಡೀ 50 ಲಕ್ಷದ ಮೇಲೆ ಶೇ 1, ಅಂದ್ರೆ ವರ್ಷಕ್ಕೆ 50 ಸಾವಿರ. ದಿನಕ್ಕೆ 137 ರೂಪಾಯಿ. ಎಲ್ಲಿಯ 5 ಲಕ್ಷ 40 ಸಾವಿರ, ಎಲ್ಲಿಯ 50 ಸಾವಿರ! ಅದೇ ಅಂಗಡಿ, ಅದೇ ಬನ್ನು, ಅದೇ ಗಿರಾಕಿ. ಒಂದು ಅರ್ಜಿ ಹಾಕಿದ್ರಾ ಇಲ್ವಾ ಅನ್ನೋದರ ಮೇಲೆ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಆದರೆ ಈ ಬಾಗಿಲು ತೆರೆಯೋದು ನೋಂದಣಿ ಮಾಡಿಸಿದ ದಿನದಿಂದ ಮುಂದಕ್ಕೆ ಮಾತ್ರ. ಹಳೇ ವರ್ಷಗಳಿಗೆ ಹಿಂದಕ್ಕೆ ಹೋಗಿ ಸೇರೋಕಾಗಲ್ಲ.

ಈ ಲೆಕ್ಕವನ್ನ ನಾನು ಬೇಕರಿ ಕೌಂಟರಿನ ಮೇಲೆ ಒಂದು ಬ್ರೆಡ್ ಕವರಿನ ಹಿಂದೆ ಬರೆದು ತೋರಿಸಿದೆ. ಯಜಮಾನರು ಸ್ವಲ್ಪ ಹೊತ್ತು ನೋಡಿ, "ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಮೇಡಂ, ನಾವು ಕಟ್ಟಲ್ಲ ಅಂತಿದ್ವಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ತಪ್ಪು ಯಾರದು?

ಎರಡೂ ಕಡೆ ಮಾತಿದೆ. ಇಲಾಖೆ ಹೇಳೋದರಲ್ಲಿ ನ್ಯಾಯ ಇಲ್ಲದೇ ಇಲ್ಲ. ಮಿತಿ ದಾಟಿದ ಮೇಲೆ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು ಅಂತ ನಿಯಮ ಇದೆ. ಅದೇ ಬೀದಿಯಲ್ಲಿ ನಿಯತ್ತಾಗಿ ನೋಂದಣಿ ಮಾಡಿಸಿ ತೆರಿಗೆ ಕಟ್ಟೋ ಅಂಗಡಿಯವರೂ ಇದ್ದಾರೆ. ಪಕ್ಕದವನು ಕಟ್ಟದೇ ಎರಡು ರೂಪಾಯಿ ಕಮ್ಮಿಗೆ ಮಾರಿದ್ರೆ ಕಟ್ಟೋನಿಗೆ ಅನ್ಯಾಯ. ನೋಟಿಸ್ ಅಂದ್ರೆ ಅಂತಿಮ ಆದೇಶ ಅಲ್ಲ, ಉತ್ತರ ಕೊಡಿ, ದಾಖಲೆ ತೋರಿಸಿ, ವಿನಾಯಿತಿ ವಸ್ತು ಮಾರೋರಾದ್ರೆ ತೆರಿಗೆ ಬೀಳಲ್ಲ ಅಂತ ಇಲಾಖೆ ಆಮೇಲೆ ವಿವರಣೆಯನ್ನೂ ಕೊಟ್ಟಿತು.

ಆದರೆ ನನಗೆ ಕಾಡೋದು ಬೇರೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಸ್ಟಿಕ್ಕರ್ ಅಂಟಿಸೋಕೆ ಯುಪಿಐ ಕಂಪನಿಗಳ ಹುಡುಗರು ಅಂಗಡಿ ಅಂಗಡಿಗೆ ಬಂದರು, ಸೌಂಡ್ ಬಾಕ್ಸ್ ಕೊಟ್ಟರು. ಸ್ಟಿಕ್ಕರ್ ಅಂಟಿಸೋಕೆ ಬಂದಷ್ಟು ಜನ "40 ಲಕ್ಷ ದಾಟಿದ್ರೆ ಇಂಥ ಕಡೆ ಹೋಗಿ, ಶೇ 1 ಕಟ್ಟಿದ್ರೆ ಸಾಕು" ಅಂತ ಹೇಳೋಕೆ ಬಂದಿದ್ರೆ? ವ್ಯಾಪಾರ ಕಾಣೋ ಹಾಗೆ ಮಾಡಿದೆವು, ಕಂಡ ಮೇಲೆ ಏನಾಗುತ್ತೆ ಅಂತ ಹೇಳಲಿಲ್ಲ. ಮೊದಲ ಪರಿಚಯವೇ ಲಕ್ಷಾಂತರ ರೂಪಾಯಿಯ ನೋಟಿಸ್ ಆದಾಗ, ಹತ್ತು ಲಕ್ಷ ವ್ಯಾಪಾರದ ಹೂವಿನಮ್ಮನೂ ಸ್ಟಿಕ್ಕರ್ ಕೀಳ್ತಾರೆ.

ಕಿತ್ತಿದ್ದರಿಂದ ಅವರಿಗೆ ನಷ್ಟವೇ. ಹಬ್ಬದ ಗಿರಾಕಿ ಹೋದದ್ದು ಒಂದು. ಇನ್ನೊಂದು, ಅವರಂಥವರಿಗೆ ಬ್ಯಾಂಕಿನಲ್ಲಿ ತೋರಿಸೋಕೆ ಇರೋ ಕಾಗದ ಅಂದ್ರೆ ಈ ಖಾತೆಯ ವಹಿವಾಟೇ. ಅದಿಲ್ಲದಿದ್ದಾಗ ಸಾಲ ಎಲ್ಲಿ ಸಿಗ್ತಿತ್ತು ಅಂತ ಈ ಬೀದಿಗೆ ಗೊತ್ತು. ಬೆಳಿಗ್ಗೆ 900 ರೂಪಾಯಿ ಕೈಗೆ ಕೊಟ್ಟು ಸಂಜೆ 1000 ವಾಪಸ್ ಇಸ್ಕೊಳ್ಳೋರ ಹತ್ರ. ಆ ಬಡ್ಡಿಯಿಂದ ಬಿಡಿಸೋಕೆ ಅಂತಾನೇ ನಮ್ಮ ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಬಂತು, ಆಮೇಲೆ ಸ್ವನಿಧಿ ಬಂತು. ಸ್ವನಿಧಿಯನ್ನ ಈಗ 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ, ಮೊದಲ ಕಂತನ್ನ 15 ಸಾವಿರಕ್ಕೆ, ಎರಡನೇದನ್ನ 25 ಸಾವಿರಕ್ಕೆ ಏರಿಸಿದ್ದಾರೆ. ಹೆದರಿ ಕ್ಯಾಶಿಗೆ ಮರಳಿದೋರು ಮತ್ತೆ ಆ ಸಂಜೆ ಬಡ್ಡಿಯವರ ಕೈಗೆ ಸಿಕ್ಕಿಕೊಳ್ಳೋ ಅಪಾಯ ಇದೆ.

ಹಾಗಾದ್ರೆ ಏನು ಮಾಡಬೇಕು?

ನೀವು ಅಂಗಡಿ ನಡೆಸೋರಾದ್ರೆ, ಅಥವಾ ನಿಮ್ಮ ಮನೆಯಲ್ಲಿ ಯಾರಾದ್ರೂ ನಡೆಸ್ತಿದ್ರೆ, ಇಷ್ಟು ಮಾಡಿ.

ಮೊದಲನೇದು, ವ್ಯಾಪಾರಕ್ಕೊಂದು ಖಾತೆ, ಮನೆಗೊಂದು ಖಾತೆ. ವ್ಯಾಪಾರ ಯಾರದೋ ಕ್ಯೂಆರ್ ಅವರ ಹೆಸರಿನದ್ದೇ ಇರಲಿ. ಚೀಟಿ, ಕೈಸಾಲ, ಕ್ಯಾಶ್ ಬದಲಾವಣೆ ಅದರೊಳಗೆ ಬೇಡ.

ಎರಡನೇದು, ದಿನದ ಪುಸ್ತಕ. ದೊಡ್ಡ ಲೆಕ್ಕ ಬೇಡ. ಇವತ್ತು ತೆರಿಗೆ ಇಲ್ಲದ್ದು ಇಷ್ಟು ಮಾರಿದೆ, ತೆರಿಗೆ ಇರೋದು ಇಷ್ಟು ಮಾರಿದೆ, ಎರಡೇ ಸಾಲು. ಹಾಲಿನ ಬಿಲ್ಲು, ಮಂಡಿಯ ಚೀಟಿ ಎಸೆಯಬೇಡಿ, ಒಂದು ತಂತಿಗೆ ಚುಚ್ಚಿಡಿ. ನಾಳೆ ಯಾರಾದ್ರೂ ಕೇಳಿದ್ರೆ ಅದೇ ನಿಮ್ಮ ಸಾಕ್ಷಿ.

ಮೂರನೇದು, ಒಂದು ಸಲ ಗುಣಿಸಿ ನೋಡಿ. ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ಸರಕು ಮಾರಿದ್ರೆ ವರ್ಷಕ್ಕೆ 40 ಲಕ್ಷ. ಹೋಟೆಲು, ಸೇವೆಯವರಿಗೆ ದಿನಕ್ಕೆ ಸುಮಾರು 5,500ಕ್ಕೆ 20 ಲಕ್ಷ. ಆ ಹತ್ತಿರ ಇದ್ರೆ ಕಾಯಬೇಡಿ, ನೋಂದಣಿ ಮಾಡಿಸಿ. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಅರ್ಜಿ ಹಾಕುವಾಗಲೇ ಕಾಂಪೊಸಿಷನ್ ಬೇಕು ಅಂತ ಆರಿಸಿಕೊಳ್ಳಬಹುದು.

ನಾಲ್ಕನೇದು, ನೋಟಿಸ್ ಬಂದ್ರೆ ಬಚ್ಚಿಡಬೇಡಿ. ಉತ್ತರ ಕೊಡದೇ ಇದ್ರೆ ಅಧಿಕಾರಿ ತನಗೆ ಸಿಕ್ಕ ಮಾಹಿತಿಯ ಮೇಲೇ ತೆರಿಗೆ ನಿಗದಿ ಮಾಡೋ ಅವಕಾಶ ಕಾನೂನಿನಲ್ಲಿದೆ. ಎಷ್ಟೋ ಸಲ ಉತ್ತರ ಅಂದ್ರೆ "ಇದು ಹಾಲಿನ ದುಡ್ಡು, ಇದು ತಮ್ಮ ಕೊಟ್ಟ ಸಾಲ" ಅಂತ ಕಾಗದದ ಜೊತೆ ತೋರಿಸೋದು, ಅಷ್ಟೇ.

ಗಿರಾಕಿಗಳಾದ ನಮಗೂ ಒಂದು ಮಾತು. ಕಾಂಪೊಸಿಷನ್‌ನಲ್ಲಿರೋ ಅಂಗಡಿಯವರು ಅದನ್ನ ಬೋರ್ಡಿನಲ್ಲಿ ಬರೆದಿರಬೇಕು, ಮತ್ತೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ನಮ್ಮಿಂದ ಬೇರೆ ದುಡ್ಡು ಇಸ್ಕೊಳ್ಳೋ ಹಾಗಿಲ್ಲ. ಹಾಗೇನೇ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿಗೆ ಶೇ 18 ಹೋಗಿ ಶೇ 5 ಆಗಿದೆ, ಪ್ಯಾಕೆಟ್ ಕುರುಕಲಿಗೆ ಶೇ 12 ಇದ್ದದ್ದೂ ಶೇ 5 ಆಗಿದೆ. ಬಿಲ್ಲು ನೋಡೋ ಅಭ್ಯಾಸ ಮಾಡ್ಕೊಳ್ಳಿ.

ಈಗ ಮತ್ತೆ ಹೂವಿನಮ್ಮನ ಹತ್ರ ಹೋಗೋಣ. ಕಾರ್ತೀಕ ಮಾಸದಲ್ಲಿ ಒಂದು ಸಂಜೆ ಹೋಗಿದ್ದೆ. ಕಡಲೆಕಾಯಿ ಪರಿಷೆ ಹತ್ತಿರ ಬಂದಿತ್ತು, ದೊಡ್ಡ ಬಸವಣ್ಣನ ಗುಡಿ ಕಡೆ ಆಗಲೇ ಮೂಟೆಗಳು ಇಳಿಯೋಕೆ ಶುರುವಾಗಿದ್ದವು. ನಾನು ಹೇಳಿದ್ದನ್ನೆಲ್ಲ ಅಮ್ಮ ಮಗನಿಗೆ ಹೇಳಿದ್ರಂತೆ, ಮಗ ನಂಬಲಿಲ್ಲವಂತೆ. ಕೊನೆಗೆ ಬೇಕರಿ ಯಜಮಾನರೇ ಅವನನ್ನ ಕರೆದು ಹೇಳಿದ ಮೇಲೆ ಒಪ್ಪಿದನಂತೆ. ಪೆಟ್ಟಿಗೆ ಮೇಲೆ ಹೊಸ ಸ್ಟಿಕ್ಕರ್ ಇತ್ತು. ಅದರ ಮೇಲೆ ಮಗನ ಹೆಸರಿಲ್ಲ, ಅಮ್ಮನ ಹೆಸರು.

"ನೋಡಮ್ಮ, ಈಗ ದುಡ್ಡು ನನ್ನ ಬುಕ್ಕಿಗೇ ಬೀಳ್ತದೆ" ಅಂತ ಪಾಸ್‌ಬುಕ್ ತೆಗೆದು ತೋರಿಸಿದ್ರು. ಊದುಬತ್ತಿ ಪೊಟ್ಟಣಗಳು ಹಾಗೇ ಇದ್ದವು. ನಾನು ಎರಡು ಮೊಳ ಮಲ್ಲಿಗೆ ತಗೊಂಡೆ, ನಾಲ್ಕು ಬೆರಳು ಹೆಚ್ಚಿಗೇ ಬಂತು.

ನಿಮ್ಮ ಬೀದಿಯಲ್ಲೂ ಹರಿದ ಸ್ಟಿಕ್ಕರಿನ ಗುರುತು ಇನ್ನೂ ಕಾಣ್ತಿದ್ರೆ, ಆ ಅಂಗಡಿಯವರ ಜೊತೆ ಐದು ನಿಮಿಷ ಕೂತು ಈ ಲೆಕ್ಕ ಹೇಳಿ.